ಭಂಗಾರ್ ಅಂಗಡಿಯ ಪಂಖಾ

ನಮ್ಮ ಬೀದರದಲ್ಲಿ ಗುಜರಿ ಅಂಗಡಿಗೆ ಭಂಗಾರ್ ಅಂಗಡಿ ಅಂತಾರೆ. ಬಂಗಾರಕ್ಕೂ ಇದಕ್ಕೂ ಒಂದು ಮಹಾಪ್ರಾಣದ ಫರಕು. ನಾನು ಹಳೇ ಗೋಡೆ ಗಡಿಯಾರ, ತಾಮ್ರದ ಹಂಡೆ, ಬಿದರಿ ಹುಕ್ಕಾ ಕೊಂಡು ಮಾರುವವ. ಚೌಬಾರಾ ಹತ್ತಿರದ ಇಂಥದೊಂದು ಅಂಗಡಿಯಲ್ಲಿ ಕಿಟಕಿ ಚೌಕಟ್ಟುಗಳ ಕೆಳಗೆ ಉದ್ದನೆಯ ತಿರುಚಿದ ಹಲಗೆಯೊಂದು ಕಂಡಿತು.

“ಚಾಚಾ, ಇದೇನ್ರಿ?”

“ವಿಮಾನದ ಪಂಖಾ. ಹೈದರಾಬಾದ್ ಮಾಲು. ಒಯ್ತೀರೇನು?”

ವಿಮಾನದ ಮುಂದೆ ತಿರುಗುವ ಮರದ ಪ್ರೊಪೆಲರ್ ಅದು. ಆರು ಸಾವಿರಕ್ಕೆ ತಂದೆ. ತಂದ ದಿನವೇ ತಪ್ಪು ಮಾಡಿದೆ. ಓಣಿಯ ಬಡಿಗೇರ ಕಾಕಾಗೆ ಕೊಟ್ಟು, “ಜರಾ ಚಂದ ಮಾಡಿಕೊಡ್ರಿ” ಅಂದೆ. ಸಂಜೆ ಹೋದರೆ ನಡುವಿನ ದಪ್ಪ ಗುಂಬದ ಅರ್ಧ ಭಾಗ ಹೊಸ ಬಾಗಿಲಿನ ಹಾಗೆ ಹೊಳೆಯುತ್ತಿತ್ತು. “ಇಲ್ಲಿ ಏನೋ ಅಕ್ಷರ ಒತ್ತಿದ್ರು, ಹೊಲಸು ಕಾಣ್ತಿತ್ತು. ಸ್ಯಾಂಡ್‌ಪೇಪರ್ ಹಚ್ಚಿ ತಗದೀನಿ” ಅಂದರು. ಅವರದೇನೂ ತಪ್ಪಿಲ್ಲ, ಹೇಳಿದವನು ನಾನು.

ಆ ‘ಹೊಲಸು ಅಕ್ಷರ’ವೇ ಪಂಖಾದ ಜಾತಕ. ಬ್ರಿಟಿಷ್ ಪಂಖಾ ಆದರೆ ಗುಂಬದ ಮೇಲೆ ಡ್ರಾಯಿಂಗ್ ನಂಬರು, ‘ಡಿ’ ಎಂದು ವ್ಯಾಸ, ‘ಪಿ’ ಎಂದು ಪಿಚ್ಚು, ಯಾವ ಎಂಜಿನ್‌ಗೆ ಮಾಡಿದ್ದು ಎಂಬುದು, ತಪಾಸಣೆಯ ಪುಟ್ಟ ಮುದ್ರೆ ಒತ್ತಿರುತ್ತಾರೆ. ಪಿಚ್ಚು ಅಂದರೆ ಪಂಖಾ ಒಂದು ಸುತ್ತು ತಿರುಗಿದರೆ ಲೆಕ್ಕದ ಪ್ರಕಾರ ಎಷ್ಟು ಮುಂದೆ ಹೋಗಬೇಕು ಎಂಬ ಅಳತೆ. ನನ್ನದರಲ್ಲಿ ಪಿಚ್ಚಿನ ಅಂಕಿ ಪೂರ್ತಿ ಹೋಗಿತ್ತು. ಉಳಿದ ಕಡೆ ತೆಳು ಕಾಗದ ಇಟ್ಟು, ಮಕ್ಕಳು ನಾಣ್ಯದ ಮೇಲೆ ಮಾಡುವ ಹಾಗೆ ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದೆ. ಬರಿಗಣ್ಣಿಗೆ ಕಾಣದಿದ್ದ ‘ಜಿಪ್ಸಿ ಮೇಜರ್’ ಎದ್ದು ಬಂತು.

ಜಿಪ್ಸಿ ಮೇಜರ್ ಅಂದರೆ ಡಿ ಹ್ಯಾವಿಲೆಂಡ್ ಕಂಪನಿಯ ನಾಲ್ಕು ಸಿಲಿಂಡರಿನ, 130 ಅಶ್ವಶಕ್ತಿಯ ಎಂಜಿನ್. ಟೈಗರ್ ಮಾತ್ ಎಂಬ ತರಬೇತಿ ವಿಮಾನ 1931ರಲ್ಲಿ ಮೊದಲು ಹಾರಿದ್ದು ಬೇರೆ ಎಂಜಿನ್‌ನಿಂದ, ಆಮೇಲೆ ಬಂದ ಅದರ ಮುಖ್ಯ ಮಾದರಿಗೆ ಹಾಕಿದ್ದು ಇದನ್ನೇ. ಎರಡನೇ ಮಹಾಯುದ್ಧದ ಕಾಲಕ್ಕೆ ಹೈದರಾಬಾದಿನ ಬೇಗಂಪೇಟದಲ್ಲಿ ಹೊಸ ಪೈಲಟ್‌ಗಳಿಗೆ ಟೈಗರ್ ಮಾತ್‌ನಲ್ಲೇ ಹಾರುವುದು ಕಲಿಸುತ್ತಿದ್ದರು, ಬೀದರ ಆಗ ನಿಜಾಮರ ಸೀಮೆ. ಕತೆ ಚಂದ ಕೂಡುತ್ತದೆ. ಆದರೆ ಈ ಪಂಖಾ ಅಲ್ಲಿಂದಲೇ ಬಂತು ಅನ್ನಲು ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ. ಹಾಗಾಗಿ ಗಿರಾಕಿಗೆ ಆ ಕತೆ ಹೇಳಿಲ್ಲ.

ಅಕ್ಷರ ಓದಿದ ಮೇಲೆ ಮೈಯೂ ಅದನ್ನೇ ಹೇಳುತ್ತದಾ ಅಂತ ನೋಡಬೇಕು. ಉದ್ದ ಅಳೆದೆ, ಆರೂಕಾಲು ಅಡಿ ದಾಟಿತು. ಉಬ್ಬಿದ ಮೈ ನನ್ನ ಕಡೆ ಬರುವ ಹಾಗೆ ನಿಲ್ಲಿಸಿದೆ. ವಿಮಾನದ ಎದುರು ನಿಂತರೆ ಕಾಣುವುದು ಆ ಮೈ. ಹಿತ್ತಾಳೆ ತಗಡು ಹೊದ್ದ ದಪ್ಪ ಅಂಚು ಗಾಳಿ ಸೀಳುವ ಅಂಚು. ಅದು ಮುಂದಾಗಿ ಹೋಗಬೇಕಾದರೆ ಪಂಖಾ ನನ್ನೆದುರು ಗಡಿಯಾರದ ಮುಳ್ಳಿನ ಹಾಗೆ ತಿರುಗಬೇಕು, ಅಂದರೆ ಒಳಗೆ ಕೂತ ಪೈಲಟ್‌ಗೆ ಅದು ಉಲ್ಟಾ. ಜಿಪ್ಸಿ ಮೇಜರ್ ತಿರುಗುವುದೂ ಹಾಗೆಯೇ. ಅಮೆರಿಕದ ಎಂಜಿನ್‌ಗಳು ಹೆಚ್ಚಾಗಿ ಇನ್ನೊಂದು ದಿಕ್ಕಿಗೆ ತಿರುಗುತ್ತವೆ.

ಹೋದ ಪಿಚ್ಚನ್ನು ಲೆಕ್ಕದಿಂದ ಹುಡುಕಿದೆ. ನಡುವಿನಿಂದ 70 ಸೆಂಟಿಮೀಟರ್ ದೂರದಲ್ಲಿ ಚಪ್ಪಟೆ ಮೈಯ ಓರೆ ಅಳೆದರೆ 17 ಡಿಗ್ರಿ. ಅಷ್ಟು ದೂರದ ಸುತ್ತಳತೆ 4.4 ಮೀಟರ್. ಅದನ್ನು 17 ಡಿಗ್ರಿಯ ಟ್ಯಾನ್‌ನಿಂದ ಗುಣಿಸಿದರೆ 1.34 ಮೀಟರ್ ಬರುತ್ತದೆ. ಹತ್ತನೇ ಕ್ಲಾಸಿನ ತ್ರಿಕೋನಮಿತಿ ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಅಂಕಿ ಸಿಕ್ಕಿತು ನಿಜ, ಒತ್ತಿದ ಮುದ್ರೆ ತಿರುಗಿ ಬರಲಿಲ್ಲ.

ಮರದ ವಿಷಯಕ್ಕೆ ಕಾಕಾನೇ ಗುರು. ಉಗುರಿನಿಂದ ಗೀರಿ, “ಇದು ಸಾಗವಾನಿ ಅಲ್ರಿ, ಹೊರಗಿನ ಕಟ್ಟಿಗಿ. ಪದರು ಪದರು ಅಂಟಿಸ್ಯಾರ” ಅಂದರು. ಮಹೋಗನಿ ಅದು. ಒಂದೇ ದಿಮ್ಮಿಯಿಂದ ಕೆತ್ತಿದರೆ ಬಿಸಿಲು ಮಳೆಗೆ ಸೊಟ್ಟಾಗುತ್ತದೆ, ಅದಕ್ಕೇ ಪದರು. ತುದಿಯ ಹಿತ್ತಾಳೆಯಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದವು. ಹುಳ ತಿಂದದ್ದು ಅಂದುಕೊಂಡೆ. ಲೋಹಕ್ಕೆ ಎಲ್ಲಿಯ ಹುಳ! ಒಳಗೆ ಸೇರಿದ ನೀರು ತಿರುಗುವ ರಭಸಕ್ಕೆ ಹೊರಗೆ ಚಿಮ್ಮಲಿ ಅಂತ ಬಿಟ್ಟ ತೂತು ಅವು.

ಆಮೇಲೆ ಇನ್ನೊಬ್ಬರು ಒಂದು ಪಂಖಾ ತಂದು ‘ಮೊದಲ ಮಹಾಯುದ್ಧದ್ದು’ ಅಂದರು. ತಗಡಿಗೆ ಪ್ಲಸ್ ಗೀರಿನ ಸ್ಕ್ರೂ. ಹಳೆಯದರಲ್ಲಿ ಸ್ಕ್ರೂ ತಲೆಗಳ ಮೇಲೆ ಬೆಸುಗೆ ಹಾಕಿ ಸಪಾಟು ಮಾಡಿರುತ್ತಾರೆ. ಓರೆ ಬುಡದಿಂದ ತುದಿಯವರೆಗೆ ಒಂದೇ ಸಮ. ನಿಜವಾದದ್ದು ಬುಡದಲ್ಲಿ ಕಡಿದಾಗಿದ್ದು ತುದಿಗೆ ಹೋದಂತೆ ಚಪ್ಪಟೆಯಾಗುತ್ತದೆ. ಗುಂಬದ ಮೇಲೆ ಎಂಜಿನ್ನಿನ ಉಕ್ಕಿನ ಬಿಲ್ಲೆ ಒತ್ತಿ ಕೂತ ಗುರುತೂ ಇರಲಿಲ್ಲ. ಹೋಟೆಲ್ ಗೋಡೆಗೆ ಮಾಡಿದ ಮಾಲು. ಚಹಾ ಕುಡಿಸಿ ಕಳಿಸಿದೆ.

ಬೆಲೆ ಕಟ್ಟುವಾಗ ನಾನು ಮೊದಲು ಕೇಳುವುದು, ಯಾವ ವಿಮಾನದ್ದು? ಯುದ್ಧದಲ್ಲಿ ಕಾದಾಡಿದ ವಿಮಾನದ್ದಕ್ಕೆ ತರಬೇತಿ ವಿಮಾನದ್ದಕ್ಕಿಂತ ಬೆಲೆ ಹೆಚ್ಚು. ಟೈಗರ್ ಮಾತ್‌ಗಳು ಸಾವಿರಗಟ್ಟಲೆ ತಯಾರಾದವು, ಹಾಗಾಗಿ ಅವುಗಳ ಪಂಖಾ ಅಪರೂಪವಲ್ಲ. ತಯಾರಿಸಿದ ಕಂಪನಿಯ ಗುರುತಿನ ಚಿತ್ರ ಅಂಟಿಸಿದ್ದು ಉಳಿದಿದ್ದರೆ ಬೆಲೆ ಏರುತ್ತದೆ. ಜರ್ಮನಿಯ ಒಂದು ಕಂಪನಿ ‘ಗರುಡ’ ಎಂಬ ಹೆಸರಲ್ಲೇ ಪಂಖಾ ಮಾಡುತ್ತಿತ್ತು. ಆ ಚಿತ್ರವಿರುವುದು ಒಂದು ಸಿಕ್ಕರೆ ನಾನಂತೂ ಮಾರುವುದಿಲ್ಲ. ತುದಿ ಕೊಯ್ದಿದ್ದರೆ, ನಡುವೆ ಗಡಿಯಾರ ಕೂಡಿಸಲು ತೂತು ದೊಡ್ಡದು ಮಾಡಿದ್ದರೆ ಬೆಲೆ ಇಳಿಯುತ್ತದೆ. ಹೊರದೇಶದ ಹರಾಜಿನ ಬೆಲೆ ತೋರಿಸಿ ಚೌಕಾಸಿ ಮಾಡುವವರಿದ್ದಾರೆ. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುವನ್ನು 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಖಾಸಗಿಯವರು ಹೊರಗೆ ಕಳಿಸುವ ಹಾಗಿಲ್ಲ, ಆ ಬೆಲೆ ಇಟ್ಟುಕೊಂಡು ಏನು ಮಾಡುವುದು?

ನನ್ನ ಪಂಖಾ ನೋಡಲು ಹೈದರಾಬಾದಿನಿಂದ ಒಬ್ಬರು ಬಂದಿದ್ದರು. ಫೋನಿನಲ್ಲಿ ನಲವತ್ತು ಸಾವಿರ ಅಂದವರು, ಗುಂಬದ ಹೊಳೆಯುವ ಭಾಗದ ಮೇಲೆ ಬೆರಳಾಡಿಸಿ ಹದಿನೆಂಟಕ್ಕೆ ಇಳಿದರು. ಕೊಡಲಿಲ್ಲ. ತೇವ ಒಂದೇ ತುದಿಗೆ ಇಳಿಯದಿರಲಿ ಅಂತ ಪಡಸಾಲೆ ಗೋಡೆಗೆ ಅಡ್ಡಡ್ಡ ಕಟ್ಟಿದ್ದೇನೆ. ಕಾಕಾ ಬಂದಾಗಲೆಲ್ಲ ಅದನ್ನು ನೋಡಿ, “ಉಳದ ಅರ್ಧಾನೂ ಪಾಲಿಶ್ ಮಾಡಿಬಿಡ್ಲೇನ್ರಿ?” ಅಂತಾರೆ.