ಔಷಧಿಗಿಂತ ಮೊದಲು ಎಲೆ ಮಗುಚಿ ನೋಡಿ

ಗಿಡದಲ್ಲಿ ಹುಳ ಕಂಡ ಕೂಡಲೇ "ಯಾವ ಔಷಧಿ ಹೊಡೆಯಲಿ?" ಅಂತ ಕೇಳುವವರೇ ಜಾಸ್ತಿ. ಯಾವ ಹುಳ ಅಂತ ವಾಪಸ್ ಕೇಳಿದರೆ ಉತ್ತರ ಇರುವುದಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋಗಿ, ಎಲೆ ಮಗುಚಿ ನೋಡಿ. ಗಿಡದ ಹೇನು, ಬಿಳಿ ನೊಣ, ನುಸಿ ಎಲ್ಲಾ ಹೆಚ್ಚಾಗಿ ಕೂರುವುದು ಎಲೆಯ ಅಡಿಯಲ್ಲೇ. ಬರೀ ಮೇಲ್ಗಡೆಯಿಂದ ಹೊಡೆದ ಔಷಧಿ ಅವಕ್ಕೆ ತಾಗುವುದೂ ಇಲ್ಲ.

ಬದನೆಯನ್ನೇ ನೋಡಿ. ಗಿಡವೆಲ್ಲ ಚೆನ್ನಾಗಿದ್ದು ಒಂದೆರಡು ಕುಡಿ ಮಾತ್ರ ಬಾಡಿ ಜೋತುಬಿದ್ದರೆ, ನೀರು ಸಾಲದು ಅಂದುಕೊಂಡು ಇನ್ನೊಂದು ಚೊಂಬು ಸುರಿಯುತ್ತಾರೆ. ಆ ಕುಡಿಯನ್ನು ಸೀಳಿ ನೋಡಿದರೆ ಒಳಗೆ ತಿಳಿಗುಲಾಬಿ ಬಣ್ಣದ ಹುಳ ಇರುತ್ತದೆ. ಅದೇ ಕುಡಿಕೊರಕ. ಕಾಯಿ ಬಿಟ್ಟಮೇಲೆ ಇದೇ ಹುಳ ಕಾಯಿಗೆ ಇಳಿಯುತ್ತದೆ. ಒಳಗೆ ಸೇರಿಕೊಂಡ ಹುಳಕ್ಕೆ ಹೊರಗಿನಿಂದ ಬೇವಿನೆಣ್ಣೆ ಹೊಡೆದು ಏನು ಬಂತು? ಬಾಡಿದ ಜಾಗಕ್ಕಿಂತ ಒಂದಿಂಚು ಕೆಳಗೆ ಕತ್ತರಿಸಿ. ಕತ್ತರಿಸಿದ ಕಡೆ ಹೊಸ ಕವಲು ಬರುತ್ತದೆ, ಗಿಡಕ್ಕೆ ನಷ್ಟವಿಲ್ಲ. ತೂತು ಬಿದ್ದ ಕಾಯಿಯನ್ನೂ ಕಿತ್ತುಬಿಡಿ. ಆದರೆ ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಹುಳ ಅಲ್ಲೇ ಗೂಡು ಕಟ್ಟಿ, ಪತಂಗವಾಗಿ ಮತ್ತೆ ನಿಮ್ಮ ಬದನೆಗೇ ಬರುತ್ತದೆ. ಸೋಪಿನ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ.

ಹೀರೆ, ಹಾಗಲ, ಪಡವಲದ್ದು ಬೇರೆ ಕಥೆ. ಎಳೆ ಕಾಯಿ ಸೊಟ್ಟಗಾಗಿ, ಅಂಟು ಒಸರಿ, ಹಳದಿಯಾಗಿ ಕೊಳೆಯುತ್ತದೆ, ಅಲ್ವಾ? ಅದು ಹಣ್ಣುನೊಣದ ಕೆಲಸ. ಸಿಪ್ಪೆಯ ಒಳಗೇ ಮೊಟ್ಟೆ ಇಟ್ಟು ಹೋಗಿರುತ್ತದೆ. ಹೂವು ಬಾಡಿ ಪೀಚು ನಿಂತಮೇಲೆ ಹಳೇ ತೆಳು ಬಟ್ಟೆಯ ಚೀಲವನ್ನೋ ಪೇಪರ್ ಕವರನ್ನೋ ಕಾಯಿಗೆ ತೊಡಿಸಿ ಕಟ್ಟಿ. ಹೂವು ಅರಳಿರುವಾಗಲೇ ಕಟ್ಟಿದರೆ ದುಂಬಿ ಒಳಗೆ ಬರಲಾಗದೆ ಕಾಯಿಯೇ ನಿಲ್ಲದು. ಉದುರಿದ ಕಾಯಿ ಅಲ್ಲೇ ಬಿದ್ದಿರಬಾರದು. ಅದರೊಳಗಿನ ಹುಳ ಮಣ್ಣಿಗಿಳಿದು ಗೂಡು ಕಟ್ಟುತ್ತದೆ. ಆದ್ದರಿಂದ ಚಪ್ಪರದ ಕೆಳಗಿನ ಮಣ್ಣನ್ನು ಆಗಾಗ ಕೆದಕಿ ಬಿಸಿಲು ಕಾಣಿಸಿ. ವಾಸನೆಯಿಂದ ಸೆಳೆದು ನೊಣ ಹಿಡಿಯುವ ಮೋಹಕ ಬಲೆ ತರುವುದಾದರೆ "ಬಳ್ಳಿ ತರಕಾರಿಗೆ" ಅಂತಲೇ ಕೇಳಿ. ಮಾವಿಗೆ ಕೊಡುವುದು ಬೇರೆ, ಅದನ್ನು ಹೀರೆ ಚಪ್ಪರಕ್ಕೆ ನೇತುಹಾಕಿದರೆ ಸುಮ್ನೆ ದುಡ್ಡು ದಂಡ.

ಅವರೆ, ಅಲಸಂದೆ ಕುಡಿಗೆ ಮುತ್ತುವ ಕಪ್ಪು ಹೇನಿಗೆ ಪೈಪಿನ ನೀರೇ ಸಾಕು. ರಭಸವಾಗಿ ಬಿಡಿ, ಉದುರಿ ಹೋಗುತ್ತವೆ. ಜೊತೆಗೆ ಇರುವೆ ಸಾಲು ಎಲ್ಲಿಂದ ಬರುತ್ತಿದೆ ಅಂತ ನೋಡಿ ಅದನ್ನು ತಡೆಯಿರಿ. ಹೇನು ಒಸರುವ ಸಿಹಿಗಾಗಿ ಇರುವೆಗಳು ಅವನ್ನು ಕಾಯುತ್ತವೆ, ನಾವು ಹಸು ಸಾಕಿದ ಹಾಗೆ. ಕೆಂಪು ಮೈಮೇಲೆ ಕಪ್ಪು ಚುಕ್ಕಿಯ ಗುಲಗಂಜಿ ಹುಳ ಕಂಡರೆ ಮುಟ್ಟಬೇಡಿ, ಅದು ಹೇನು ತಿನ್ನುತ್ತದೆ. ಅದರ ಮರಿ ದುಂಡಗಿರುವುದಿಲ್ಲ. ಕಪ್ಪಗೆ ಉದ್ದಕ್ಕೆ, ಮೈಮೇಲೆ ಕಿತ್ತಳೆ ಮಚ್ಚೆ. ಪಾಪ, ಪೀಡೆ ಅಂತ ಅದನ್ನೇ ಹೊಸಕಿಬಿಡುತ್ತಾರೆ. ಬದನೆ ಎಲೆಯನ್ನು ಕೆರೆದು ಜಾಲರಿ ಮಾಡುವ, ಮಂಕು ಬಣ್ಣದ, ಮೈತುಂಬ ಚುಕ್ಕಿಯ ದುಂಬಿ ಬೇರೆ. ಅದನ್ನು ಹಿಡಿದು ಬಕೆಟ್ಟಿಗೆ ಹಾಕಿ.

ಬೇವಿನೆಣ್ಣೆ ಬೇಡ ಅಂತಲ್ಲ. ಬಿಳಿ ನೊಣ, ದಾಸವಾಳದಿಂದ ಬೆಂಡೆಗೆ ದಾಟುವ ಹಿಟ್ಟು ತಿಗಣೆ, ಇವಕ್ಕೆ ಒಳ್ಳೆಯದು. 5 ಮಿಲಿ ಎಣ್ಣೆಗೆ ಮೊದಲು ಒಂದೆರಡು ಹನಿ ಸೋಪಿನ ದ್ರಾವಣ ಬೆರೆಸಿ, ಆಮೇಲೆ 1 ಲೀಟರ್ ನೀರು ಹಾಕಿ. ಸೋಪು ಇಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ. ಮೊದಲು ಒಂದು ಎಲೆಗೆ ಹೊಡೆದು ಮರುದಿನ ನೋಡಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ, ಜೇನುನೊಣಕ್ಕೂ ತೊಂದರೆ. ಸಂಜೆಯೇ ಸರಿ. ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಹೊಡೆಯಬೇಕು.

ಬೆಂಡೆ ಎಲೆಯ ನರವೆಲ್ಲ ಹಳದಿಯಾದರೆ ಮಾತ್ರ ಯಾವ ಎಣ್ಣೆಯೂ ಕೆಲಸಕ್ಕೆ ಬಾರದು. ಅದು ಬಿಳಿ ನೊಣ ಹರಡುವ ನಂಜಾಣು (ವೈರಸ್) ರೋಗ. ಆ ಗಿಡವನ್ನು ಕಿತ್ತು ಹಾಕಿ, ಉಳಿದವನ್ನು ಉಳಿಸಿಕೊಳ್ಳಿ. ಹಳದಿ ರಟ್ಟಿಗೆ ಹರಳೆಣ್ಣೆ ಸವರಿ ಗಿಡಗಳ ನಡುವೆ ನಿಲ್ಲಿಸಿದರೆ ನೊಣ ಬಂದು ಅಂಟಿಕೊಳ್ಳುತ್ತದೆ.

ಟೊಮೆಟೊ ಎಲೆ ಮೇಲೆ ಬಿಳಿ ಗೆರೆ ಎಳೆಯುವ ರಂಗೋಲಿ ಹುಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗೆರೆ ಬಿದ್ದ ಕೆಳಗಿನ ಎಲೆ ಚಿವುಟಿದರೆ ಆಯಿತು.