ಹೆಲ್ಮೆಟ್ ಒಳಗೂ ಕೂರುವ ಹಿಜಾಬ್

ಹಳೇ ಹುಬ್ಬಳ್ಳಿಯಲ್ಲಿ ನಂದೊಂದು ಸಣ್ಣ ಹೊಲಿಗೆ ಅಂಗಡಿ. ಮೊದಲೆಲ್ಲ ಸೀರೆಗೆ ಫಾಲ್, ಪಿಕೋ, ಬ್ಲೌಸ್ ಇಷ್ಟೇ ಕೆಲಸ. ಶಾ ಬಜಾರ್‌ನಲ್ಲಿ ರೆಡಿಮೇಡ್ ಬುರ್ಖಾ ತಗೊಂಡವರು ಉದ್ದ ಕಡಿಮೆ ಮಾಡಿಸಲು ಬರುತ್ತಿದ್ದರು. ಈಗ ಹುಡುಗಿಯರು ಬಟ್ಟೆಯ ಹೆಸರು ಹಿಡಿದೇ ಕೇಳುತ್ತಾರೆ. ನಿದಾ, ಕ್ರೇಪ್, ಮೋಡಲ್, ಜರ್ಸಿ. ಕಪ್ಪೊಂದೇ ಸಾಲದು, ಪಿಸ್ತಾ ಹಸಿರೂ ಬೇಕು, ಕಾಫಿ ಬಣ್ಣವೂ ಬೇಕು.

ಮೊಬೈಲ್‌ನಲ್ಲಿ ಟರ್ಕಿ, ಮಲೇಷ್ಯಾ ಸ್ಟೈಲ್ ತೋರಿಸಿ, "ಆಪಾ, ಸೇಮ್ ಹಿಂಗ ಬೇಕ್ರಿ" ಅನ್ನುತ್ತಾರೆ. ಚೆಂದವೇನೋ ಹೌದು. ಆದರೆ ಆ ವಿಡಿಯೊದವಳು ಸ್ಕೂಟಿ ಮೇಲೆ ಧಾರವಾಡಕ್ಕೆ ಹೋಗಬೇಕಿಲ್ಲ ಅಲ್ವಾ? ತುರುಬಿನ ಮೇಲೆ ಉಬ್ಬಿಸಿ ಸುತ್ತಿದರೆ ಹೆಲ್ಮೆಟ್ ಇಳಿಯುವುದಿಲ್ಲ. ಕಿವಿ ಹತ್ತಿರದ ಪಿನ್ ಚುಚ್ಚುತ್ತದೆ. ಮೇಲೆ ಏಪ್ರಿಲ್ ಬಿಸಿಲು.

ಅದಕ್ಕೆ ಪಿನ್ನೇ ಬೇಡದ ಒಂದು ನಮೂನೆ ಹೊಲಿಯತೊಡಗಿದೆ. ನೈಕಿ ಕಂಪನಿ 2017ರಲ್ಲಿ ಆಟಗಾರ್ತಿಯರಿಗೆಂದು ತಲೆಗೆ ಎಳೆದು ಹಾಕಿಕೊಳ್ಳುವ ಹಿಜಾಬ್ ಮಾರಾಟಕ್ಕೆ ತಂದಿತ್ತು. ಅದರ ಫೋಟೊ ನೋಡಿಯೇ ಹೊಳೆದದ್ದು. ನಾನು ತೆಳು ಜರ್ಸಿ, ಅಂದರೆ ಎಳೆದರೆ ಹಿಗ್ಗುವ ಹೆಣಿಗೆ ಬಟ್ಟೆ ತಗೊಳ್ಳುತ್ತೇನೆ. ನೆತ್ತಿಯಿಂದ ಗದ್ದದ ಕೆಳಗೆ ಸುತ್ತಿ ಅಳತೆ ಹಿಡಿದು, ಸ್ವಲ್ಪ ಕಡಿಮೆ ಇಟ್ಟೇ ಕತ್ತರಿಸುತ್ತೇನೆ. ಬಟ್ಟೆಯ ಹಿಗ್ಗು ಮುಖದ ಸುತ್ತ ಬರಬೇಕು. ಉದ್ದಕ್ಕೆ ಬಂದರೆ ಸಂಜೆಯೊಳಗೆ ಗದ್ದದ ಕೆಳಗೆ ಜೋತು ಬೀಳುತ್ತದೆ. ಸೂಜಿಯೂ ಮೊನೆ ದುಂಡಗಿರುವುದೇ ಆಗಬೇಕು, ಚೂಪಾದದ್ದು ಜರ್ಸಿಯ ಎಳೆ ಕಡಿಯುತ್ತದೆ. ಹೊಲಿಗೆ ನೆತ್ತಿಯ ನಡುವೆ ಬಾರದಂತೆ ಹಿಂದಕ್ಕೆ ಸರಿಸುತ್ತೇನೆ, ಹೆಲ್ಮೆಟ್ ಒತ್ತುವುದು ಅಲ್ಲೇ.

ಮದುವೆ, ಹಬ್ಬಕ್ಕೆ ಮಾತ್ರ ಜಾರ್ಜೆಟ್ ಸ್ಟೋಲ್‌ಗೇ ಬೇಡಿಕೆ. 58 ಇಂಚು ಪನ್ನದ (ಅಗಲದ) ಬಟ್ಟೆ ಸಿಕ್ಕರೆ ಎರಡು ಮೀಟರ್‌ನಲ್ಲಿ ಉದ್ದಕ್ಕೆ ಸೀಳಿ ಎರಡು ಸ್ಟೋಲ್, ಒಂದು ಚೂರೂ ಹಾಳಿಲ್ಲ. 44 ಇಂಚಿನದಾದರೆ ಒಂದು ಸ್ಟೋಲ್ ಹೋಗಿ ಸುಮಾರು 15 ಇಂಚಿನ ಪಟ್ಟಿ ಉಳಿಯುತ್ತದೆ. ಅದರಲ್ಲಿ ಮುಖ ಮುಚ್ಚುವ ನಕಾಬ್ ಮಾಡುತ್ತೇನೆ. ಅಂಚಿಗೆ ಅದೇ ಹಳೇ ಪಿಕೋ ಮಷಿನ್. ಸೀರೆಗೆ ಓಡಿದ್ದು ಹಿಜಾಬ್‌ಗೂ ಓಡುತ್ತಿದೆ.

ರಮ್ಜಾನ್ ಕೊನೆಯ ವಾರ ಜರ್ಸಿ ಆರ್ಡರ್ ಹಿಡಿಯುವುದಿಲ್ಲ, ಅವಸರದಲ್ಲಿ ಅಳತೆ ಕೆಡುತ್ತದೆ. "ಬಜಾರ್ ರೇಟಿಗೇ ಕೊಡ್ರಿ ಆಪಾ" ಅಂತ ಚೌಕಾಸಿ ಮಾಡುವವರಿಗೆ, ಹಾಗಾದರೆ ಅಲ್ಲೇ ತಗೊಳ್ಳಿ ಅಂತ ನಕ್ಕು ಹೇಳುತ್ತೇನೆ. ಅರ್ಧ ಜನ ಹೋಗಿ ಅಲ್ಲೇ ತಗೊಳ್ಳುತ್ತಾರೆ ಕೂಡ.