ಮಕ್ಕಳಿಗೆ ಕೆರೆಯಲ್ಲಿ ಗಾಳ ಹಾಕಲು ಕಲಿಸುವ ತಂಡ ಕಟ್ಟುವುದು ಹೇಗೆ?

ರಜೆ ಬಂತೆಂದರೆ ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಹುಡುಗರು ಕೆರೆ ಕಡೆ ಹೋಗೇ ಹೋಗುತ್ತಾರೆ. ಬೇಡ ಅಂದರೂ ಹೋಗುತ್ತಾರೆ. ಹೇಳದೆಯೂ ಹೋಗುತ್ತಾರೆ. ಯಾರ ಜೊತೆ ಹೋಗುತ್ತಾರೆ ಅನ್ನುವುದನ್ನಾದರೂ ನಾವು ನೋಡಿಕೊಳ್ಳಬಹುದು, ಅಲ್ವಾ? ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಸರ್ಕಾರವೇ ಪಟ್ಟಣದೊಳಗಿನ ಸಣ್ಣ ಕೆರೆಗಳಿಗೆ ಮೀನು ಬಿಟ್ಟು, ಮಕ್ಕಳಿಗೆ ಗಾಳ ಹಾಕಲು ಕಲಿಸುತ್ತದೆ. ನಮ್ಮಲ್ಲಿ ಇನ್ನೂ ಸುಲಭ. ಊರಿಗೊಂದು ಕೆರೆ ಇದೆ, ಆ ಕೆರೆಯ ಆಳ ಅಗಲ ಬಲ್ಲ ಹಿರಿಯರು ಒಬ್ಬರಾದರೂ ಇದ್ದಾರೆ, ಫೋನ್ ಹಿಡಿದು ಜಗಲಿ ಮೇಲೆ ಕೂತ ಮಕ್ಕಳಂತೂ ಬೇಕಾದಷ್ಟು.

ಶುರುವಿಗೇ ಒಂದು ಮಾತು ಹೇಳಿಬಿಡುತ್ತೇನೆ. ಒಂದು ದಿನದ ಕ್ಯಾಂಪ್ ಮಾಡಿ, ಫೋಟೊ ತೆಗೆದು, ಸರ್ಟಿಫಿಕೇಟ್ ಕೊಟ್ಟು ಕಳಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅದೇ ದೊಡ್ಡವರು, ಅದೇ ಮಕ್ಕಳು, ಅದೇ ಕೆರೆ, ತಿಂಗಳಿಗೆ ಎರಡು ಭಾನುವಾರದಂತೆ ನಾಲ್ಕೈದು ತಿಂಗಳು ನಡೆಯಬೇಕು. ಮೊದಲ ಎರಡು ವಾರ ಮಕ್ಕಳು ಮೀನಿನ ಬಗ್ಗೆ ಮಾತ್ರ ಕೇಳುತ್ತಾರೆ. ಆಮೇಲೆ ಎಲ್ಲೋ ಒಂದು ದಿನ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಟ್ಟ ಬೆಂಡಿನ ಮೇಲೆ ಕಣ್ಣಿಟ್ಟುಕೊಂಡೇ, ಮುಖ ತಿರುಗಿಸದೆ, ಗಣಿತದಲ್ಲಿ ಫೇಲ್ ಆಗಿದ್ದನ್ನೋ ಮನೆಯ ಜಗಳವನ್ನೋ ಹೇಳುತ್ತಾರೆ. ಎದುರಾಬದುರು ಕೂರಿಸಿ ಕೇಳಿದರೆ ಬಾಯಿ ಬಿಡದ ಹುಡುಗ ಪಕ್ಕದಲ್ಲಿ ಕೂತು ನೀರು ನೋಡುವಾಗ ಮಾತಾಡುತ್ತಾನೆ. ಆ ದಿನ ಪಕ್ಕದಲ್ಲಿ ಹೊಸಬರು ಕೂತಿದ್ದರೆ ಆ ಮಾತು ಬರುವುದೇ ಇಲ್ಲ. ಇಡೀ ಕಾರ್ಯಕ್ರಮ ನಿಂತಿರುವುದು ಇದರ ಮೇಲೆ.

ಮೊದಲು ಜನ, ಆಮೇಲೆ ಗಾಳ

ಎಂಟು ಮಕ್ಕಳಿಗೆ ನಾಲ್ಕು ಜನ ದೊಡ್ಡವರು. ಇದಕ್ಕಿಂತ ಜಾಸ್ತಿ ಮಕ್ಕಳನ್ನು ಮೊದಲ ವರ್ಷ ಸೇರಿಸಿಕೊಳ್ಳಬೇಡಿ. ವಯಸ್ಸು ಹತ್ತರಿಂದ ಹದಿನಾರು ಇರಲಿ. ನಾಲ್ವರಲ್ಲಿ ಒಬ್ಬರಾದರೂ ಆ ಕೆರೆಯಲ್ಲೇ ಮೀನು ಹಿಡಿದು ಬದುಕಿದವರಾಗಿರಬೇಕು. ಗಾಳಿ ಯಾವ ಕಡೆಯಿಂದ ಬಂದರೆ ಮೀನು ಯಾವ ದಡಕ್ಕೆ ಬರುತ್ತದೆ, ಎಲ್ಲಿ ಗಾಳ ಬೇರಿಗೆ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಕಾಲಿಡಬಾರದು ಅನ್ನುವುದೆಲ್ಲ ಅವರಿಗೆ ಗೊತ್ತಿರುತ್ತದೆ. ಊರಿನ ಮೀನುಗಾರರ ಸಹಕಾರ ಸಂಘದಲ್ಲಿ ಕೇಳಿದರೆ ಅಂಥವರು ಸಿಗುತ್ತಾರೆ. ಅವರಿಗೆ ದಿನದ ಕೂಲಿ ಕೊಡಲೇಬೇಕು. ಸುಮ್ನೆ ಶಾಲು ಹೊದಿಸಿ ಹಾರ ಹಾಕಿ ಕಳಿಸುವುದು ಸರಿಯಲ್ಲ. ಅವರು ಮೇಷ್ಟರು, ಬೇರೆ ಮೇಷ್ಟರಿಗೆ ಸಂಬಳ ಕೊಡುವ ಹಾಗೆ ಇವರಿಗೂ ಕೊಡಿ. ಮಕ್ಕಳು ಅವರನ್ನು ತಾತ ಅಂತಲೋ ಮಾವ ಅಂತಲೋ ಕರೆಯಲಿ.

ಮಕ್ಕಳನ್ನು ಆರಿಸುವಾಗ ಸ್ವಲ್ಪ ಗಮನ ಕೊಡಿ. ಹೆಸರು ಕೊಡುವವರು ಮೊದಲು ಗೊತ್ತಿರುವ ಮನೆಯವರೇ ಆಗಿರುತ್ತಾರೆ. ತೋಟದ ಕೂಲಿಯವರ ಲೈನ್ ಮನೆಯ ಮಕ್ಕಳು, ಶಾಲೆ ಬಿಡುವ ಅಂಚಿನಲ್ಲಿರುವವರು, ಹೆಣ್ಣುಮಕ್ಕಳು ತಾವಾಗಿ ಬರುವುದಿಲ್ಲ. ಸರ್ಕಾರಿ ಶಾಲೆಯ ಶಿಕ್ಷಕರನ್ನು ಕೇಳಿ, ಮನೆಗೆ ಹೋಗಿ ಕರೆಯಿರಿ. ಎಲ್ಲರೂ ಒಂದೇ ದಡದಲ್ಲಿ ಕೂತು ಒಂದೇ ಬುತ್ತಿ ಹಂಚಿ ತಿನ್ನಲಿ.

ಅಪ್ಪ ಅಮ್ಮನ ಒಪ್ಪಿಗೆ ಬರವಣಿಗೆಯಲ್ಲಿರಲಿ. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಒಬ್ಬರೇ ಇರಬಾರದು, ಬೈಕಿನಲ್ಲಿ ಒಬ್ಬರನ್ನೇ ಕರೆದೊಯ್ಯಬಾರದು. ಯಾವಾಗಲೂ ಇನ್ನೊಬ್ಬರ ಕಣ್ಣಳತೆಯಲ್ಲೇ ಇರಬೇಕು. ಈ ನಿಯಮ ಊರಿಗೆಲ್ಲ ಬೇಕಾದವರಿಗೂ ಅನ್ವಯಿಸುತ್ತದೆ, ಅದರಲ್ಲಿ ರಿಯಾಯಿತಿ ಇಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ಎಲ್ಲ ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಯಾವ ಕೆರೆ, ಯಾರ ಅನುಮತಿ

ಕೆರೆ ಊರಿನದು, ಆದರೆ ಅದರಲ್ಲಿರುವ ಮೀನು ಸಾಮಾನ್ಯವಾಗಿ ಗುತ್ತಿಗೆ ಹಿಡಿದವರದ್ದು. ಕಾಟ್ಲಾ, ರೋಹು, ಮೃಗಾಲ್ ಇವೆಲ್ಲ ಮಳೆಗಾಲದಲ್ಲಿ ಹರಿಯುವ ನದಿ ನೀರಿನಲ್ಲಿ ಮೊಟ್ಟೆ ಇಡುವ ಮೀನುಗಳು. ನಿಂತ ಕೆರೆ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಇಂಜೆಕ್ಷನ್ ಕೊಟ್ಟು ಈ ಗೆಂಡೆ ಜಾತಿಗಳನ್ನು ಮರಿ ಮಾಡಿಸುವ ಪ್ರಯೋಗ ನಮ್ಮ ದೇಶದಲ್ಲಿ ಗೆದ್ದಿತು. ಅದಕ್ಕೇ ಆ ದಿನವನ್ನು ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ಈಗಲೂ ಕೆರೆಗೆ ಬಿಡುವ ಮರಿಗಳು ಮರಿ ಉತ್ಪಾದನಾ ಕೇಂದ್ರದಿಂದಲೇ ಬರಬೇಕು. ಅಂದರೆ ಮಕ್ಕಳ ಗಾಳಕ್ಕೆ ಬೀಳುವ ರೋಹು ಯಾರೋ ದುಡ್ಡು ಕೊಟ್ಟು ತಂದು ಬಿಟ್ಟಿದ್ದು. ಈ ವಿಷಯವನ್ನು ಮಕ್ಕಳಿಗೂ ಹೇಳಿ, ಅವರಿಗೆ ಕೆರೆಯ ಮೇಲೆ ಬರುವ ಗೌರವವೇ ಬೇರೆ.

ಹಾಗಾಗಿ ಮೊದಲು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿ. ಒಳನಾಡು ಮೀನುಗಾರಿಕೆಗೆ ರಾಜ್ಯದಲ್ಲಿ 1996ರ ಕಾಯ್ದೆ ಇದೆ. ನಿಮ್ಮ ಕೆರೆಯ ಗುತ್ತಿಗೆ ಯಾರ ಹೆಸರಿನಲ್ಲಿದೆ, ಗಾಳಕ್ಕೆ ಪರವಾನಗಿ ಬೇಕಾ, ಯಾವ ತಿಂಗಳಲ್ಲಿ ನಿಷೇಧ ಅಂತ ಅಲ್ಲೇ ಕೇಳಿಕೊಳ್ಳಿ. ಸಣ್ಣ ಕೆರೆಯಾದರೆ ಗ್ರಾಮ ಪಂಚಾಯಿತಿಯಲ್ಲೂ ವಿಚಾರಿಸಿ. ಆಮೇಲೆ ಗುತ್ತಿಗೆದಾರರ ಜೊತೆ ಕೂತು ಮಾತಾಡಿ. ಹಿಡಿದ ಮೀನು ತೂಕ ಹಾಕಿ ಹಣ ಕೊಡುತ್ತೀರಾ, ಅಥವಾ ವಾಪಸ್ ನೀರಿಗೆ ಬಿಡುತ್ತೀರಾ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ದೊಡ್ಡ ಹೆಸರಿನ ಕೆರೆ ಬೇಡ. ಸಖರಾಯಪಟ್ಟಣದ ಅಯ್ಯನಕೆರೆ ನೋಡಲು ಚೆಂದ, ಆದರೆ ಕಲಿಯುವ ಮಕ್ಕಳಿಗೆ ಅಷ್ಟು ದೊಡ್ಡ ನೀರು ಸೂಕ್ತವಲ್ಲ. ಹಿರೇಕೊಳಲೆ ಕೆರೆ ಚಿಕ್ಕಮಗಳೂರು ಪಟ್ಟಣದ ಕುಡಿಯುವ ನೀರಿನದು. ಗೊರೂರು ಹಿನ್ನೀರಿನಲ್ಲಿ ನೀರು ಇಳಿದ ಜಾಗ ಗಟ್ಟಿ ಮಣ್ಣಿನಂತೆ ಕಂಡರೂ ಒಳಗೆ ಕೆಸರಿರುತ್ತದೆ. ಭದ್ರಾ ಅಭಯಾರಣ್ಯದೊಳಗೆ ಗಾಳದ ಮಾತೇ ಇಲ್ಲ. ದೇವಸ್ಥಾನದ ಕಲ್ಯಾಣಿ ಬೇಡ, ಶೃಂಗೇರಿಯ ತುಂಗೆಯ ಮೀನುಗಳನ್ನು ಜನ ದೇವರಂತೆ ನೋಡುತ್ತಾರೆ, ಅಲ್ಲೂ ಬೇಡ. ಒಂದು ಕಡೆಯಾದರೂ ಇಳಿಜಾರು ಕಡಿಮೆ ಇರುವ, ನೆರಳಿರುವ, ರಸ್ತೆಯಿಂದ ಆಂಬುಲೆನ್ಸ್ ಬರಬಹುದಾದ ಊರ ಕೆರೆ ಸಾಕು.

ಮಕ್ಕಳಿಗಿಂತ ಮುಂಚೆ ನೀವು ಕೆರೆ ಸುತ್ತಿ

ಇದನ್ನು ಯಾರೂ ಬಿಡಬಾರದು. ನಮ್ಮ ಕೆರೆಗಳಲ್ಲಿ ದೊಡ್ಡ ಅಪಾಯ ಇರುವುದು ಹೂಳು ತೆಗೆಯಲು, ಇಟ್ಟಿಗೆ ಮಣ್ಣಿಗೆ ಜೆಸಿಬಿ ತೋಡಿದ ಗುಂಡಿಗಳಲ್ಲಿ. ಬೇಸಿಗೆಯಲ್ಲಿ ಒಣಗಿದಾಗ ಕಾಣುತ್ತವೆ, ಮಳೆ ಬಂದು ತುಂಬಿದ ಮೇಲೆ ಮೇಲಿಂದ ಎಲ್ಲ ಒಂದೇ ಮಟ್ಟದ ನೀರು. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದ ಮಗು ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಹೋಗುತ್ತದೆ. ಈಜು ಬಂದರೂ ಗುಂಡಿಯ ಅಂಚಿನ ಮಣ್ಣು ಜಾರುವುದರಿಂದ ಹತ್ತುವುದು ಕಷ್ಟ. ಏಪ್ರಿಲ್-ಮೇ ತಿಂಗಳಲ್ಲೇ ಹೋಗಿ ಗುಂಡಿಗಳೆಲ್ಲಿವೆ ಅಂತ ನಕ್ಷೆ ಬರೆದುಕೊಳ್ಳಿ. ನೀರು ತುಂಬಿದ ಮೇಲೆ ಉದ್ದ ಬಿದಿರು ಗಳದಿಂದ ಆಳ ನೋಡಿ, ಮಕ್ಕಳು ಕೂರುವ ಜಾಗಕ್ಕೆ ಎರಡು ಕಡೆ ಬಣ್ಣದ ಬಟ್ಟೆ ಕಟ್ಟಿದ ಗೂಟ ಹೊಡೆಯಿರಿ. ಗೂಟದಾಚೆ ಯಾರೂ ಹೋಗುವ ಹಾಗಿಲ್ಲ. ತೂಬಿನ ಹತ್ತಿರ ನೀರು ಎಳೆಯುತ್ತದೆ, ಕೋಡಿ ಕಲ್ಲು ಪಾಚಿ ಕಟ್ಟಿ ಜಾರುತ್ತದೆ. ಎರಡರಿಂದಲೂ ದೂರ.

ಕೆರೆ ಏರಿಯ ಹುಲ್ಲಿನಲ್ಲಿ ಕೊಳಕುಮಂಡಲ ಇರಬಹುದು. ಕೋಲಿನಿಂದ ತಟ್ಟುತ್ತಾ ದೊಡ್ಡವರು ಮುಂದೆ ನಡೆಯಬೇಕು. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯವರಿಗೆ ಆನೆ ವಿಷಯ ನಾನು ಹೇಳಬೇಕಾಗಿಲ್ಲ. ಹಿಂದಿನ ರಾತ್ರಿಯೇ ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿ. ಬೆಳಗಿನ ಜಾವ, ಮುಸ್ಸಂಜೆ ಎರಡೂ ಬೇಡ. ಮೀನು ಆಗಲೇ ಚೆನ್ನಾಗಿ ಕಚ್ಚುತ್ತದೆ, ನಿಜ. ಆದರೂ ಬೇಡ. ಬೆಳಿಗ್ಗೆ ಎಂಟರಿಂದ ಹನ್ನೊಂದು ಸಾಕು. ಗುಡುಗು ಕೇಳಿಸಿದರೆ ಕೋಲು ಕೆಳಗಿಟ್ಟು ಹತ್ತಿರದ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಾಗಿ ಅರ್ಧ ಗಂಟೆ ಆಗುವ ತನಕ ಹೊರಗೆ ಬರಬೇಡಿ. ಕಾಲಿನಲ್ಲಿ ಗಾಯವಿರುವ ಮಗುವನ್ನು ನೀರಿಗೆ ಇಳಿಸಬೇಡಿ, ಇಲಿ ಜ್ವರದ ಭಯವಿದೆ.

ಎಲ್ಲ ಮಕ್ಕಳಿಗೂ ಲೈಫ್ ಜಾಕೆಟ್ ಇರಬೇಕು. ಈಜು ಬರುವವರಿಗೂ ಬೇಕು. ಬಾಯಿ ಬಿಗಿಯಾಗಿ ಮುಚ್ಚಿದ ಐದು ಲೀಟರಿನ ಖಾಲಿ ಕ್ಯಾನಿಗೆ ಉದ್ದ ಹಗ್ಗ ಕಟ್ಟಿ ಎರಡು ಕಡೆ ಇಟ್ಟಿರಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರುವುದಲ್ಲ, ಕ್ಯಾನ್ ಎಸೆಯಬೇಕು, ಗಳ ಚಾಚಬೇಕು. ಒಬ್ಬರನ್ನು ಎತ್ತಲು ಹೋಗಿ ಇಬ್ಬರು ಮೂವರು ಹೋದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಇದನ್ನು ಮಕ್ಕಳ ಕೈಯಲ್ಲಿ ಆಟದ ಹಾಗೆ ಮತ್ತೆ ಮತ್ತೆ ಮಾಡಿಸಿ. ಮೇಲೆತ್ತಿದವರ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಮಾಡುವುದು ತಪ್ಪು. ಉಸಿರಿಲ್ಲದಿದ್ದರೆ ಬಾಯಿಂದ ಉಸಿರು ಕೊಟ್ಟು ಎದೆ ಒತ್ತಬೇಕು, 108ಕ್ಕೆ ಫೋನ್ ಹೋಗಬೇಕು. ನಾಲ್ವರಲ್ಲಿ ಇಬ್ಬರಾದರೂ ಇದನ್ನು ಆಸ್ಪತ್ರೆಯವರಿಂದ ಕಲಿತಿರಲಿ.

ಕೋಲು, ಗಾಳ, ಹುಳು

ಇಲ್ಲಿ ಖರ್ಚು ಕಡಿಮೆ ಮಾಡಿ. ರೀಲು ಹಾಕಿದ ದುಬಾರಿ ಕೋಲು ಕೊಟ್ಟರೆ ಮಕ್ಕಳ ಗಮನವೆಲ್ಲ ರೀಲಿನ ಮೇಲೆಯೇ ಇರುತ್ತದೆ. ಎಂಟು ಅಡಿಯ ಬಿದಿರು ಕೋಲು, ಅಷ್ಟೇ ಉದ್ದದ ನೈಲಾನ್ ದಾರ, ಬೆಂಡು, ಸಣ್ಣದೊಂದು ಭಾರ, ಸಣ್ಣ ಗಾಳ ಸಾಕು. ಗಾಳದ ತುದಿಯ ಹತ್ತಿರ ಹಿಂದಕ್ಕೆ ಮುಖ ಮಾಡಿದ ಮುಳ್ಳಿರುತ್ತದಲ್ಲ, ಅದನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಮೀನಿನ ಬಾಯಿಂದಲೂ ಸಲೀಸಾಗಿ ಬಿಡುತ್ತದೆ, ಮಗುವಿನ ಬೆರಳಿಗೆ ಚುಚ್ಚಿದರೂ ಬಿಡುತ್ತದೆ. ಎಲ್ಲರ ಟಿಟಿ ಇಂಜೆಕ್ಷನ್ ಆಗಿದೆಯಾ ನೋಡಿಕೊಳ್ಳಿ. ಎರೆಹುಳುವನ್ನು ಮಕ್ಕಳೇ ಅಗೆದು ತರಲಿ. ಹುಳು ಮುಟ್ಟಲು ಇಷ್ಟವಿಲ್ಲದವರಿಗೆ ರಾಗಿ ಮುದ್ದೆಯ ಗಟ್ಟಿ ತುಣುಕು ಕೊಡಿ, ಗೆಂಡೆ ಮೀನು ಅದಕ್ಕೂ ಬರುತ್ತದೆ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎರಡು ಕೋಲಿನಷ್ಟು ಜಾಗ ಬಿಡಿ, ತಲೆ ಮೇಲಿಂದ ಬೀಸಿ ಎಸೆಯುವುದು ಬೇಡ.

ಮೊದಲ ದಿನ ಗಾಳ ಮುಟ್ಟಿಸದೆ ಅರ್ಧ ಗಂಟೆ ಸುಮ್ನೆ ನೀರು ನೋಡಿಸಿ. ಗುಳ್ಳೆ ಎಲ್ಲೇಳುತ್ತಿದೆ, ನೀರುಕಾಗೆ ಎಲ್ಲಿ ಮುಳುಗುತ್ತಿದೆ, ಮೇಲೆ ಬಾಯಿ ಆಡಿಸುವುದು ಯಾವ ಮೀನು ಅಂತ ಕೇಳಿ. ಸಂಘದವರ ಹತ್ತಿರ ಮೂರು ಜಾತಿಯ ಮೀನು ತರಿಸಿ ಬಾಯಿ ತೋರಿಸಿ. ಕಾಟ್ಲಾದ ಬಾಯಿ ಮೇಲ್ಮುಖ, ಅದು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ಮೃಗಾಲಿನ ಬಾಯಿ ಕೆಳಮುಖ, ಅದು ತಳದ ಮೀನು. ರೋಹು ನಡುವಿನದು. ಹಾಗಾದರೆ ಬೆಂಡನ್ನು ಎಲ್ಲಿ ಕಟ್ಟಬೇಕು? ಉತ್ತರ ನೀವು ಹೇಳಬೇಡಿ, ಅವರೇ ಹೇಳುತ್ತಾರೆ.

ಮೀನು ಬಿದ್ದಾಗ

ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ರಕ್ಷಣೆ, ಒಣಗೈಯಲ್ಲಿ ಹಿಡಿದರೆ ಅದು ಕಿತ್ತು ಬರುತ್ತದೆ. ಕಿವಿರಿಗೆ ಬೆರಳು ಹಾಕಬೇಡಿ. ವಾಪಸ್ ಬಿಡುವುದಾದರೆ ಬೇಗ ಬಿಡಿ, ಫೋಟೊ ಬೇಕಾದರೆ ಒಂದು. ಜಿಲೇಬಿ ಮೀನು ಸಿಕ್ಕರೆ ಇಟ್ಟುಕೊಳ್ಳಿ. ಅದು ಹೊರಗಿಂದ ಬಂದು ಬೇಗ ಹೆಚ್ಚುವ ಜಾತಿ. ಕೆರೆಯಲ್ಲಿ ಕೆಂಪು ಮರಿಗಳ ಗುಂಪು ಮೇಲೆ ತೇಲುತ್ತಿದ್ದರೆ ಅಲ್ಲಿ ಗಾಳ ಹಾಕಬಾರದು. ಅವು ಕೊರವ ಮೀನಿನ ಮರಿ, ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ. ಅವನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು. ಇಂಥ ಕಡೆ ಗಾಳ ಎಳೆದುಕೊಂಡ ಮಗುವನ್ನು, ದೊಡ್ಡ ಮೀನು ಹಿಡಿದ ಮಗುವಿಗಿಂತ ಜಾಸ್ತಿ ಹೊಗಳಿ.

ಬಹುಮಾನ, ಸ್ಪರ್ಧೆ ಇಡಲೇಬೇಡಿ. ಮೀನು ಸಿಗದ ದಿನಗಳೇ ಹೆಚ್ಚು. ಸ್ಪರ್ಧೆ ಇದ್ದರೆ ಆ ದಿನವೆಲ್ಲ ಸೋಲಾಗುತ್ತದೆ. ಮೀನು ತಿನ್ನದ ಮನೆಯ ಮಕ್ಕಳಿದ್ದರೆ ಮೊದಲೇ ಮಾತಾಡಿಕೊಳ್ಳಿ, ಅವರು ನೀರಿನ ಬಣ್ಣ, ಹಕ್ಕಿ, ಸಿಕ್ಕ ಮೀನಿನ ಅಳತೆ ಬರೆದಿಡುವ ಕೆಲಸ ಮಾಡಲಿ. ಹೊರಡುವಾಗ ಹರಿದ ನೈಲಾನ್ ದಾರದ ಚೂರುಗಳನ್ನೆಲ್ಲ ಡಬ್ಬಿಗೆ ತುಂಬಿಸಿ. ಬೆಳ್ಳಕ್ಕಿಯ ಕಾಲಿಗೆ ಅದು ಸುತ್ತಿಕೊಂಡರೆ ಬಿಚ್ಚುವವರಿಲ್ಲ.

ಕಲಿಸುವವರಿಗೆ ಒಂದೆರಡು ಮಾತು. ಮಗುವಿನ ಕೈಯಿಂದ ಕೋಲು ಕಿತ್ತುಕೊಂಡು ಎಳೆಯಬೇಡಿ, ಮೀನು ತಪ್ಪಿಸಿಕೊಂಡರೂ ಸರಿ. ಬುದ್ಧಿವಾದ ಹೇಳಲು ಆತುರ ಬೇಡ. ಮಗು ಏನಾದರೂ ಹೇಳಿದರೆ ಪೂರ್ತಿ ಕೇಳಿ, ಹೊಡೆತ ಬಡಿತದಂಥ ವಿಷಯ ಬಂದರೆ ನಿಮ್ಮಲ್ಲೇ ಇಟ್ಟುಕೊಳ್ಳದೆ 1098ಕ್ಕೆ ತಿಳಿಸಿ. ಬರುತ್ತೇನೆಂದ ಭಾನುವಾರ ಬರಲೇಬೇಕು. ದೊಡ್ಡವರು ಕೈಕೊಡುವುದನ್ನು ಈ ಮಕ್ಕಳಲ್ಲಿ ಕೆಲವರು ಮನೆಯಲ್ಲೇ ಸಾಕಷ್ಟು ನೋಡಿರುತ್ತಾರೆ.

ಯಾವಾಗ ಶುರು, ಯಾವಾಗ ನಿಲ್ಲಿಸಬೇಕು

ಮಳೆ ನಿಂತು ನೀರು ತಿಳಿಯಾಗುವ ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ತನಕ ಒಳ್ಳೆ ಕಾಲ. ಮುಂಗಾರಿನಲ್ಲಿ ಗಾಳ ಪೂರ್ತಿ ಬಂದ್. ಮೊದಲ ಮಳೆಗೆ ಹಳ್ಳ, ಗದ್ದೆ ಕಡೆ ಹತ್ತುಮೀನು ಏರುವಾಗ ಮಲೆನಾಡಿನಲ್ಲಿ ಕೂಣಿ ಅನ್ನುವ ಬಿದಿರಿನ ಬೋನು ಇಟ್ಟು ಹಿಡಿಯುವ ರೂಢಿ ಹಳೆಯದು. ಆದರೆ ಅವು ಮೊಟ್ಟೆ ತುಂಬಿಕೊಂಡು ಹೊರಟ ಮೀನುಗಳು. ಅವನ್ನು ಹಿಡಿದರೆ ಮುಂದಿನ ವರ್ಷದ ಮೀನೂ ಅಲ್ಲೇ ಮುಗಿಯಿತು. ತಂಡದ ಮಕ್ಕಳನ್ನು ಆ ಹೊತ್ತಿನಲ್ಲಿ ಹಳ್ಳದ ದಡಕ್ಕೆ ಕರೆದುಕೊಂಡು ಹೋಗಿ ದೂರದಿಂದ ತೋರಿಸಿ, ಹಿಡಿಯುವುದು ಬೇಡ.

ಮಳೆಗಾಲದ ಬಿಡುವಿನಲ್ಲಿ ಕೋಲುಗಳಿಗೆ ಎಣ್ಣೆ ಹಚ್ಚಿ ಒಣಗಿಸುವುದು, ಜಾಕೆಟ್‌ಗಳ ಪಟ್ಟಿ ಪರೀಕ್ಷಿಸುವುದು, ಇಲಾಖೆಯಲ್ಲಿ ಅನುಮತಿ ಮುಂದುವರಿಸುವುದು ಇಷ್ಟು ಕೆಲಸ. ಸಂಘದವರು ಮೀನುಮರಿ ಬಿಡುವ ದಿನ ಕೇಳಿಟ್ಟುಕೊಂಡು ಮಕ್ಕಳನ್ನೂ ಕರೆದೊಯ್ಯಿರಿ, ಕ್ಯಾನಿನಿಂದ ಮರಿ ಬಿಡುವ ಕೆಲಸ ಅವರ ಕೈಯಲ್ಲೇ ಆಗಲಿ. ಎರಡನೇ ವರ್ಷ ಹದಿನೈದು ದಾಟಿದವರಲ್ಲಿ ಇಬ್ಬರನ್ನು ಸಹಾಯಕರನ್ನಾಗಿ ಮಾಡಿಕೊಂಡು, ಹೊಸ ಮಕ್ಕಳಿಗೆ ಬೆಂಡು ಕಟ್ಟಿಕೊಡುವ ಜವಾಬ್ದಾರಿ ಅವರಿಗೇ ಬಿಡಿ.